ಮೂರು ನದಿಯ ಊರಿಂದ ಬಂದವನು ಬೋರ್‌ವೆಲ್ ಊರಿನವನಿಗೆ ಬರೆದದ್ದು

ಲೋ ಸೀನ,

ಫೋಟೋ ಕಳಿಸು ಅಂತ ಎಂಟು ಸಲ ಕೇಳಿದ್ದೀಯ. ಕಳಿಸಿದರೆ ಹೆಬ್ಬೆರಳು ಒತ್ತಿ ಮಲಗ್ತೀಯ. ಅದಕ್ಕೇ ನಾಲ್ಕು ಜನರ ಮುಂದೆ ಪತ್ರ ಬರೆಯುತ್ತಿದ್ದೇನೆ, ಓದದೆ ತಪ್ಪಿಸಿಕೊಳ್ಳೋಕೆ ಆಗಲ್ಲ. ಬೇರೆಯವರು ಓದಿದರೂ ಅಡ್ಡಿಯಿಲ್ಲ. ಬೇತಮಂಗಲದ ವಿಷಯ ಮಾತ್ರ ಯಾರೂ ಕೇಳಬಾರದು.

ಯುರೋಪಿನ ಡ್ಯಾನ್ಯೂಬ್ ನದಿ ಪ್ರವಾಸದಲ್ಲಿ ಹಡಗಿನಲ್ಲಿದ್ದದ್ದು ಏಳು ದಿನ. ಹೇಳೋ ಅಂಥದ್ದು ಒಂದೇ ದಿನ. ಉಳಿದ ಆರು ದಿನ ತಿಂದೆವು, ಮಲಗಿದೆವು, ಕೋಟೆ ಬಂದಾಗ ಎದ್ದು ಫೋಟೋ ತೆಗೆದೆವು.

ಊರಿನ ಹೆಸರು ಪಸ್ಸಾವ್. ಜರ್ಮನಿಯದ್ದು, ಆಸ್ಟ್ರಿಯಾ ಗಡಿಗೆ ಅಂಟಿಕೊಂಡಿದೆ. ಡ್ಯಾನ್ಯೂಬ್ ನದಿಗೆ ಒಂದು ತಲೆಕೆಳಗಾದ ಲೆಕ್ಕ ಇದೆ ಕಣೋ. ಹುಟ್ಟಿದ ಕಡೆಯಿಂದಲ್ಲ, ಸಮುದ್ರ ಸೇರುವ ಕಡೆಯಿಂದ ಕಿಲೋಮೀಟರ್ ಎಣಿಸ್ತಾರೆ. ಪಸ್ಸಾವ್ 2,225ರ ಆಸುಪಾಸು. ಅಂದರೆ ಕಪ್ಪು ಸಮುದ್ರಕ್ಕೆ ಅದು ಇನ್ನೂ ಅಷ್ಟು ದೂರ ಹರಿಯಬೇಕು. ನಮ್ಮ ಕೋಲಾರದ ಪಾಲಾರ್ ನದಿ ಬೇತಮಂಗಲದ ತನಕ ಹರಿದರೆ ನಾವು ಬಾಗಿನ ಕೊಟ್ಟು ಪೇಪರ್‌ನಲ್ಲಿ ಫೋಟೋ ಹಾಕಿಸಿಕೊಳ್ತೀವಿ.

ಅಲ್ಲಿ ಮೂರು ನದಿ ಒಂದೇ ಜಾಗದಲ್ಲಿ ಸೇರುತ್ತವೆ. ಊರು ಒಂದು ಮೂತಿಯ ಹಾಗೆ ಚೂಪಾಗಿ ನೀರಿನೊಳಕ್ಕೆ ಚಾಚಿಕೊಂಡಿದೆ. ಆ ತುದಿಗೆ ಹೋಗಿ ನಿಂತೆ. ಒಂದು ಕಡೆ ಡ್ಯಾನ್ಯೂಬ್. ಇನ್ನೊಂದು ಕಡೆ ಇನ್ ಅನ್ನೋ ನದಿ, ಆಲ್ಪ್ಸ್ ಬೆಟ್ಟದ ಹಿಮ ಕರಗಿ ಬಂದದ್ದು, ಹಸಿರು ಬಣ್ಣ. ಎದುರು ದಡದಿಂದ ಬರೋದು ಇಲ್ಟ್ಸ್, ಚಿಕ್ಕದು. ಕಾಡಿನ ಜೌಗು ನೆಲದಿಂದ ಇಳಿದು ಬರೋದರಿಂದ ಕಾಫಿ ಡಿಕಾಕ್ಷನ್ ಥರ ಕಪ್ಪಗಿದೆ. ಸೇರಿದ ಮೇಲೂ ಬಣ್ಣಗಳು ಸ್ವಲ್ಪ ದೂರ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆಯಾಗಿಯೇ ಹೋಗುತ್ತವೆ. ಜಾಸ್ತಿ ನೀರು ತರೋದು ಇನ್ ನದಿ, ಮುಂದಕ್ಕೆ ಹೆಸರು ಮಾತ್ರ ಡ್ಯಾನ್ಯೂಬ್‌ದು. ನಮ್ಮ ಡೈರಿ ಸೊಸೈಟಿ ಎಲೆಕ್ಷನ್ ನೆನಪಾಯಿತು.

ಪಕ್ಕದಲ್ಲಿ ನಿಂತಿದ್ದ ಹಡಗಿನ ಅಜ್ಜಿಯೊಬ್ಬರು ಕೇಳಿದರು, ನಿಮ್ಮೂರಲ್ಲಿ ನದಿ ಇದೆಯಾ ಅಂತ. ಮೂರಿವೆ ಅಂದೆ! ಸುಳ್ಳಲ್ಲ ಅಲ್ವಾ? ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಮೂರೂ ನಂದಿ ಬೆಟ್ಟದ ಸಾಲಿನ ಕಡೆಯವೇ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತು, ಆದರೂ ಹೊರಗಿನವರ ಮುಂದೆ ನಮ್ಮವೇ. ಒಂದು ಆಂಧ್ರಕ್ಕೆ, ಎರಡು ತಮಿಳುನಾಡಿಗೆ ಹೋಗುತ್ತವೆ ಅನ್ನೋದನ್ನಾಗಲಿ, ನಮ್ಮ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ ಪೈಪಿನಲ್ಲಿ ಬರುತ್ತಿದೆ ಅನ್ನೋದನ್ನಾಗಲಿ ಹೇಳಲಿಲ್ಲ. ಅಜ್ಜಿ 'ವಾಹ್' ಅಂದರು. ನಾನು ವಿನಯದಿಂದ ತಲೆಬಾಗಿದೆ.

ಆಮೇಲೆ ಗಲ್ಲಿಗಳಲ್ಲಿ ಸುತ್ತಿದೆವು. 1662ರಲ್ಲಿ ಬೆಂಕಿ ಬಿದ್ದು ಊರು ಸುಟ್ಟುಹೋಯಿತಂತೆ, ಇಟಲಿಯ ಕೆಲಸಗಾರರು ಬಂದು ಮತ್ತೆ ಕಟ್ಟಿದರಂತೆ. ದೊಡ್ಡ ಚರ್ಚಿನಲ್ಲಿ ಒಂದು ಆರ್ಗನ್ ವಾದ್ಯ ಇದೆ. ಅದರಲ್ಲಿ 17,974 ಕೊಳವೆ! ಕೋಲಾರದವನಿಗೆ ಕೊಳವೆ ಅಂದ ತಕ್ಷಣ ಏನು ನೆನಪಾಗಬೇಕು, ನೀನೇ ಹೇಳು. ಪಕ್ಕದಲ್ಲಿದ್ದ ಇವಳಿಗೆ 'ಕೇಸಿಂಗ್ ಪೈಪ್ ಎಷ್ಟು ಅಡಿಗೆ ಹಾಕಿದಾರೋ' ಅಂದೆ. ದೇವರ ಮುಂದೆ ನಗಬಾರದು ಅಂತ ಚಿವುಟಿದಳು.

ಮುಖ್ಯವಾದದ್ದು ಈಗ ಬರುತ್ತೆ. ನದಿ ದಡದಲ್ಲೇ ಹಳೇ ಟೌನ್‌ಹಾಲ್. ಅದರ ಗೋಡೆ ಮೇಲೆ ಪ್ರವಾಹ ಬಂದಾಗಲೆಲ್ಲ ನೀರು ಎಲ್ಲಿ ತನಕ ಏರಿತ್ತು ಅಂತ ಗೆರೆ ಹಾಕಿ ಇಸವಿ ಬರೆದಿದ್ದಾರೆ. 1501. 1595. 1954. 2013ರ ಜೂನ್‌ನಲ್ಲಿ ನದಿಯ ಅಳತೆಗೋಲು 12.89 ಮೀಟರ್ ಮುಟ್ಟಿತ್ತು. 1501ರ ನಂತರ ಅಷ್ಟು ನೀರು ಯಾವತ್ತೂ ಬಂದಿರಲಿಲ್ಲ. ಆ ಗೆರೆಗಳು ನನ್ನ ತಲೆಗಿಂತ ಎಷ್ಟೋ ಮೇಲೆ. ಎಲ್ಲರೂ ಕತ್ತೆತ್ತಿ 'ಅಯ್ಯೋ ಪಾಪ' ಅನ್ನುತ್ತಿದ್ದರು.

ನನಗೆ ಪಾಪ ಅನ್ನಿಸಲಿಲ್ಲ ಸೀನ. ಹೊಟ್ಟೆ ಉರಿಯಿತು. ಜನರ ಮನೆ ಮುಳುಗಿದ ಗೆರೆ ನೋಡಿ ಹೊಟ್ಟೆಕಿಚ್ಚು ಪಡೋ ಮನುಷ್ಯ ನಾನು. ನಾವು ನೀರಿನ ಲೆಕ್ಕ ಬರೆಯೋದು ಕೆಳಮುಖವಾಗಿ ಅಲ್ವಾ. 600 ಅಡಿ. 900 ಅಡಿ. ಅಪ್ಪನ ಮೂರನೇ ಬೋರ್ 1,250.

ಆವತ್ತು ನೀನೂ ಇದ್ದೆ. ಲಾರಿ ಸದ್ದು, ಬಿಳೀ ಧೂಳು, ನಿಂಬೆಹಣ್ಣು. ಆಮೇಲಿನದ್ದು ನಿನಗೆ ಗೊತ್ತಿಲ್ಲ. ನಾಲ್ಕನೇ ಬೋರ್ ಪಾಯಿಂಟ್‌ಗೆ ದುಡ್ಡು ಕೊಡು ಅಂತ ಅಪ್ಪ ಕೇಳಿದ. ಪೇಟೆ ಮನೆಗೆ ಬಂದು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಪರಕೀಯನ ಹಾಗೆ ಕುರ್ಚಿ ತುದಿಯಲ್ಲಿ ಕೂತು ಕೇಳಿದ. ನಾನು ಕ್ಯಾಲ್ಕುಲೇಟರ್ ತೆಗೆದೆ. ಬಡ್ಡಿ, ಟೊಮ್ಯಾಟೊ ರೇಟು, ಎಲ್ಲ ಒತ್ತಿ ತೋರಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು. ಅಪ್ಪ ಕಾಫಿ ಕುಡಿದು ಎದ್ದ. ಆಮೇಲೆ ಸಾಯೋವರೆಗೂ ನನ್ನ ಹತ್ತಿರ ಏನನ್ನೂ ಕೇಳಲಿಲ್ಲ, ಮಾತ್ರೆಗೆ ಕೂಡ. ಮಂಡಿ ನೋವಿಗೆ ಹಸು ಮಾರಿದ ಅಂತ ನಿನಗೆ ಹೇಳಿದ್ದೆ. ಮಂಡಿ ಚೆನ್ನಾಗಿತ್ತು. ಮೇವಿಗೆ ನೀರಿರಲಿಲ್ಲ.

ಆ ಗೋಡೆ ಕೆಳಗೆ ಇನ್ನೊಂದು ಲೆಕ್ಕ ತಾನಾಗೇ ಬಂತು. ನಮ್ಮಿಬ್ಬರ ಈ ಪ್ರವಾಸದ ದುಡ್ಡಲ್ಲಿ ಆವತ್ತಿನ ರೇಟಿಗೆ ಎರಡು ಬೋರ್ ಹಾಕಿಸಿ ಮೋಟಾರೂ ಇಳಿಸಬಹುದಿತ್ತು. ಅಪ್ಪನಿಗೆ ನೀರು ಬೇಡ ಅಂದವನು ಬೇರೆಯವರ ನೀರು ನೋಡೋಕೆ ಅಷ್ಟು ದೂರ ಹೋಗಿದ್ದೆ. 'ಯಾಕ್ರೀ, ಸುಸ್ತಾಯ್ತಾ?' ಅಂದಳು ಇವಳು. ಹೂಂ, ಕಲ್ಲು ಹಾಸಿನ ರಸ್ತೆ, ಕಾಲು ನೋವು ಅಂದೆ. ನೋಡು, ಮನೆತನದ ಮಂಡಿ.

ಅಯ್ಯೋ, ಸಾಕು ಬಿಡು. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಅಲ್ಲಿನ ಬ್ರೆಡ್ಡಿನ ಬಗ್ಗೆ ಬರೆಯೋಣ ಅಂತಿದ್ದೆ. ಅದು ಎಷ್ಟು ಗಟ್ಟಿ ಅಂದರೆ ಅಂತರಗಂಗೆ ಮೆಟ್ಟಿಲಿಗೆ ಹಾಸಬಹುದು. ಐದನೇ ದಿನ ಇವಳು ಕನಸಿನಲ್ಲಿ ಮುಳಬಾಗಿಲು ದೋಸೆ ಅಂತ ಕನವರಿಸಿದಳು, ನನ್ನ ಹೆಸರು ಹೇಳಲಿಲ್ಲ.

ನಿನ್ನ ತೋಟಕ್ಕೆ ಹೊಸ ಪಾಯಿಂಟ್ ನೋಡಿಸ್ತೀಯಂತೆ. ಅಂಗೈ ಮೇಲೆ ಕಾಯಿ ಇಟ್ಟು ನೀರಿನ ಜಾಗ ಹೇಳೋ ತೆಂಗಿನಕಾಯಿ ಸ್ವಾಮೀನ ಭಾನುವಾರವೇ ಕರೆಸು, ನಾನೂ ಬರ್ತೀನಿ. ಕ್ಯಾಲ್ಕುಲೇಟರ್ ತರಲ್ಲ. ಕಾಯಿ ಎದ್ದು ನಿಂತರೆ ಸರಿ, ಇಲ್ಲದಿದ್ದರೆ ಒಡೆದು ಚಟ್ನಿ ಮಾಡೋಣ.

ಇಂತಿ,
ಒಂಟಿ ಚಪ್ಪಲಿ