ರೂಫ್ ರ‍್ಯಾಕ್ ಬೋಲ್ಟ್ ಅಲುಗಾಡುತ್ತಿದ್ದರೆ ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮುಂಚೆ ನಿಮ್ಮ ಕ್ಯಾಂಪರ್ ವ್ಯಾನಿನ ರ‍್ಯಾಕನ್ನು ಒಮ್ಮೆ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಶಿರಾಡಿ ಘಾಟಿ ಇಳಿದು ಬಂದ ಮೇಲೆ ನನ್ನ ವ್ಯಾನಿನಲ್ಲಿ ಎರಡು ಕಡೆ ಬೋಲ್ಟಿನ ಜೊತೆ ಒಳಗಿನ ರಿವೆಟ್ ನಟ್ಟೇ (ತಗಡಿನ ತೂತಿಗೆ ಒತ್ತಿ ಕೂರಿಸಿದ ನಟ್) ಸುತ್ತುತ್ತಿತ್ತು. ಮೇಲೆ ಸೋಲಾರ್ ಪ್ಯಾನೆಲ್ ಇದೆ, ಗಾಳಿ ಅದನ್ನು ಮೇಲಕ್ಕೆತ್ತುತ್ತದೆ. ಹಿಂದೆ ಬೈಕಿನವರು ಬರುತ್ತಿರುತ್ತಾರೆ ಅನ್ನುವುದು ನೆನಪಿರಲಿ.

ಸುತ್ತುವ ನಟ್ಟನ್ನು ಇನ್ನಷ್ಟು ಬಿಗಿ ಮಾಡಲು ಹೋಗಬೇಡಿ, ತೂತು ದೊಡ್ಡದಾಗುತ್ತದೆ ಅಷ್ಟೇ. ಚಾವಣಿಯ ತಗಡು ಸಾಮಾನ್ಯವಾಗಿ 1 ಮಿ.ಮೀ. ದಪ್ಪವೂ ಇರುವುದಿಲ್ಲ. ಒಳಗಿನ ಸೀಲಿಂಗ್ ಬಿಚ್ಚಿ, ಹಳೆಯ ನಟ್ ತೆಗೆದು, ಕೆಳಗಿನಿಂದ ಅಂಗೈ ಅಗಲದ 3 ಮಿ.ಮೀ. ಉಕ್ಕಿನ ಪಟ್ಟಿ ಕೊಡಿ. ಆಗ ಭಾರ ಹರಡಿಕೊಳ್ಳುತ್ತದೆ. ಸಾಧ್ಯವಾದರೆ ಪಟ್ಟಿ ಅಡ್ಡ ತೊಲೆಯ ಮೇಲೂ ಕೂರಲಿ. ನಾನು ಎಂ8 (8 ಮಿ.ಮೀ. ವ್ಯಾಸದ) ಬೋಲ್ಟಿಗೆ ನೈಲಾಕ್ ನಟ್ ಹಾಕಿದೆ, ಅದರೊಳಗಿನ ನೈಲಾನ್ ಬಳೆ ನಟ್ ಸಡಿಲವಾಗದಂತೆ ಹಿಡಿಯುತ್ತದೆ.

ತುಕ್ಕನ್ನು ಮಾತ್ರ ಅವಸರದಲ್ಲಿ ಮುಚ್ಚಬೇಡಿ. ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ತೂತಿನ ಅಂಚಿಗೂ ಪ್ರೈಮರ್ ಹಚ್ಚಿ. ನೀರು ಸೋರದಂತೆ ಮುಚ್ಚಲು ಹುಳಿ ವಾಸನೆಯ ಸಿಲಿಕೋನ್ ಸೀಲೆಂಟ್ ಬೇಡ, ಅದರ ಆಮ್ಲ ತಗಡನ್ನೇ ತಿನ್ನುತ್ತದೆ. ಪಾಲಿಯುರೆಥೇನ್ ಸೀಲೆಂಟ್ ಬಳಸಿ, ಪೂರ್ತಿ ಒಣಗಿದ ಮೇಲೆ ಪೈಪಿನಲ್ಲಿ ನೀರು ಬಿಟ್ಟು ಒಳಗೆ ಕೂತು ನೋಡಿ.

ವೆಲ್ಡಿಂಗ್ ಮಾಡಿಸುವವರು ಬ್ಯಾಟರಿ ಸಂಪರ್ಕ ತೆಗೆಯಿರಿ, ಒಳಗಿನ ಫೋಮ್ ದೂರ ಸರಿಸಿ. ಅದಕ್ಕೆ ಬೆಂಕಿ ಹತ್ತಲು ಒಂದು ಕಿಡಿ ಸಾಕು.

ಮೊದಲ 100 ಕಿ.ಮೀ. ಆದಮೇಲೆ ಮತ್ತೆ ಬಿಗಿ ನೋಡಿ. ಈ ಭಾನುವಾರ ನನ್ನ ಸೀಲಿಂಗ್ ಬಿಚ್ಚಿದ್ದೇ ಇರುತ್ತದೆ, ನೋಡಬೇಕೆಂದವರು ಬನ್ನಿ.