ಶೂಟಿಂಗ್‌ಗೆ ಅಡ್ಡ ಬಂದವರನ್ನು ಬೈಯುವ ಮೊದಲು

ಮಾನ್ಯ ಸಂಪಾದಕರೆ,

ನಗರದ ರಸ್ತೆಗಳಲ್ಲಿ ಸಿನಿಮಾ ಚಿತ್ರೀಕರಣ ನಡೆಯುವಾಗ ದಾರಿಹೋಕರು ಗೊತ್ತಿಲ್ಲದೆ ಫ್ರೇಮಿನೊಳಗೆ, ಅಂದರೆ ಕ್ಯಾಮೆರಾಕ್ಕೆ ಕಾಣುವ ಜಾಗದೊಳಗೆ, ಬಂದರೆ ಅವರ ಮೇಲೆ ರೇಗುವುದು ವಾಡಿಕೆಯಾಗಿದೆ. ಈ ಕೆಲಸದ ಒಳಹೊರಗು ಬಲ್ಲ ನಾವು ಹೇಳುವುದಿಷ್ಟೆ: ಬಹುತೇಕ ಸಲ ತಪ್ಪು ನಡೆದು ಬಂದವರದಲ್ಲ, ರಸ್ತೆಯನ್ನು ಸರಿಯಾಗಿ ಬ್ಲಾಕ್ ಮಾಡದ ತಂಡದ್ದು.

ಕ್ಯಾಮೆರಾ ಎಲ್ಲಿದೆ ಎಂಬುದೇ ಎಷ್ಟೋ ಸಲ ಜನರಿಗೆ ಕಾಣುವುದಿಲ್ಲ. ಸಂದಣಿಯ ನಡುವೆ ನಟ ನಡೆದು ಬರುವ ಶಾಟ್‌ಗೆ ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂನಂಥ ಲೆನ್ಸ್ ಹಾಕಿ, ದೂರದ ಕಟ್ಟಡದ ಮಹಡಿಯಲ್ಲೋ ನಿಂತ ವ್ಯಾನಿನೊಳಗೋ ಕ್ಯಾಮೆರಾ ಇಟ್ಟಿರುತ್ತಾರೆ. ನಟನ ಹತ್ತಿರ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಅದು ಹೊಡೆದಾಟದ ದೃಶ್ಯವಾಗಿದ್ದರೆ, ನಿಜವಾದ ಜಗಳವೆಂದು ಬಿಡಿಸಲು ಒಬ್ಬರಾದರೂ ನುಗ್ಗುತ್ತಾರೆ. ನುಗ್ಗಿದವರನ್ನು ಮೆಚ್ಚಬೇಕೇ ಹೊರತು ಬೈಯಬಾರದು. ಇಂಥ ದೃಶ್ಯವಿದ್ದಾಗ ಪೊಲೀಸ್ ಠಾಣೆಗೂ ಅಕ್ಕಪಕ್ಕದ ಅಂಗಡಿಯವರಿಗೂ ಮೊದಲೇ ತಿಳಿಸಿ, ರಸ್ತೆಯ ಎರಡೂ ತುದಿಯಲ್ಲಿ ದೊಡ್ಡ ಅಕ್ಷರದ ಬೋರ್ಡ್ ಇಡಬೇಕು. ಡಮ್ಮಿ ಪಿಸ್ತೂಲು ಹಿಡಿಯುವ ದೃಶ್ಯಕ್ಕಂತೂ ಇದನ್ನು ಬಿಡುವಂತೆಯೇ ಇಲ್ಲ.

ಇನ್ನು ಜನರನ್ನು ತಡೆಯುವ ಹೊತ್ತಿನ ಲೆಕ್ಕ. ಸಾಮಾನ್ಯ ನಡಿಗೆಯಲ್ಲಿ ಮನುಷ್ಯ ಸೆಕೆಂಡಿಗೆ ಸುಮಾರು ಒಂದೂಕಾಲು ಮೀಟರ್ ಸಾಗುತ್ತಾನೆ. 30 ಮೀಟರ್ ದೂರದ ತಿರುವು ದಾಟಿದವರು ಫ್ರೇಮ್ ತಲುಪಲು 24 ಸೆಕೆಂಡ್ ಬೇಕು. ಸೌಂಡ್, ಕ್ಯಾಮೆರಾ, ಕ್ಲ್ಯಾಪ್, ಆ್ಯಕ್ಷನ್ ಎಲ್ಲ ಸೇರಿ ಅಷ್ಟು ಹೊತ್ತೂ ಹಿಡಿಯುವುದಿಲ್ಲ. ‘ಸೌಂಡ್’ ಎಂದು ಕೂಗಿದ ಮೇಲೆ ತಿರುವಿನಲ್ಲಿ ಕೈ ಅಡ್ಡ ಹಿಡಿದರೆ ಏನು ಬಂತು? ಆಗಲೇ ಒಳಗೆ ಬಂದವರು ಸರಿಯಾಗಿ ಸಂಭಾಷಣೆಯ ನಡುವೆ ಪ್ರತ್ಯಕ್ಷರಾಗುತ್ತಾರೆ. ಕನಿಷ್ಠ ಅರ್ಧ ನಿಮಿಷ ಮೊದಲೇ ತಡೆದು, ಒಳಗಿರುವವರು ದಾಟಿ ಹೋದ ಮೇಲೆ ಕ್ಯಾಮೆರಾ ಓಡಿಸಬೇಕು. ತಿರುವುಗಳಿಗೆ ಹುಡುಗರನ್ನು ನಿಲ್ಲಿಸುವವರು ಮರೆಯುವುದು ಬಾಗಿಲುಗಳನ್ನು. ಫ್ರೇಮಿನೊಳಗೇ ತೆರೆಯುವ ಮನೆಯ ಗೇಟು, ಮಹಡಿಯ ಮೆಟ್ಟಿಲು, ಅಂಗಡಿಯ ಪಕ್ಕದ ಸಂದಿ, ಇವಕ್ಕೆಲ್ಲ ಒಬ್ಬೊಬ್ಬರು ಬೇಕು.

ವಾಕಿಟಾಕಿಯದು ಬೇರೆಯೇ ತೊಂದರೆ. ಸಿಂಕ್ ಸೌಂಡ್ (ಚಿತ್ರೀಕರಣದ ಜೊತೆಗೇ ಧ್ವನಿ ದಾಖಲಿಸುವುದು) ಇದ್ದರೆ ಅದರ ಗೊರಗೊರ ಸದ್ದು ಮೈಕಿಗೆ ಬೀಳುತ್ತದೆಂದು ಹುಡುಗರು ವಾಲ್ಯೂಮ್ ಇಳಿಸುತ್ತಾರೆ. ‘ಕಟ್’ ಹೇಳಿದ್ದು ಕೇಳುವುದಿಲ್ಲ, ಜನ ಸುಮ್ಮನೆ ನಿಂತೇ ಇರುತ್ತಾರೆ. ಇಯರ್‌ಪೀಸ್ ಕೊಟ್ಟರೆ ಮುಗಿಯಿತು.

ಓದುಗರಿಗೂ ಒಂದೆರಡು ಮಾತು. ಗೊತ್ತಿಲ್ಲದೆ ಫ್ರೇಮಿನೊಳಗೆ ಬಂದುಬಿಟ್ಟಿದ್ದೀರಿ ಎಂದಾದರೆ ಥಟ್ಟನೆ ನಿಲ್ಲಬೇಡಿ, ತಲೆ ಬಗ್ಗಿಸಿ ಓಡಬೇಡಿ, ಲೆನ್ಸ್ ಕಡೆ ನೋಡಿ ‘ಸಾರಿ’ ಎನ್ನಬೇಡಿ. ಅದೇ ವೇಗದಲ್ಲಿ, ಹೋಗುತ್ತಿದ್ದ ದಿಕ್ಕಿನಲ್ಲೇ ಹೋಗಿಬಿಡಿ. ಹಿನ್ನೆಲೆಯಲ್ಲಿ ಸಹಜವಾಗಿ ನಡೆದವರಿಂದ ಟೇಕ್ ಕೆಡುವುದು ಕಡಿಮೆ, ಬಗ್ಗಿ ಓಡಿದವರ ಮೇಲೆಯೇ ಪ್ರೇಕ್ಷಕರ ಕಣ್ಣು ಹೋಗುತ್ತದೆ. ಟೇಕ್ ಹಾಳಾಯಿತೋ ಇಲ್ಲವೋ ಎಂಬುದನ್ನು ನಿರ್ದೇಶಕರು ನೋಡಿಕೊಳ್ಳುತ್ತಾರೆ. ಬೇಕಾದ ಭಾಗ ಅದಾಗಲೇ ಸಿಕ್ಕಿರಲೂಬಹುದು. ನೆಲಕ್ಕೆ ಅಂಟಿಸಿದ ಬಣ್ಣದ ಟೇಪನ್ನು ಕೀಳಬೇಡಿ, ಕ್ಯಾಮೆರಾದ ಫೋಕಸ್ ನೋಡಿಕೊಳ್ಳುವ ಫೋಕಸ್ ಪುಲ್ಲರ್ ದೂರ ಅಳೆದಿಟ್ಟಿರುವುದು ಆ ಟೇಪಿನವರೆಗೇ. ಕ್ಯಾಮೆರಾ ಸಾಗುವ ಟ್ರಾಲಿಯ ಹಳಿಯನ್ನು ದಾಟಿಯೇ ಹೋಗಬೇಕಾದರೆ ಅದರ ಮೇಲೆ ಕಾಲಿಡದೆ ದಾಟಿ. ಅಡಿಯಲ್ಲಿ ಕೊಟ್ಟ ಮರದ ಚಕ್ಕೆ ಸರಿದರೆ ಲೆವೆಲ್ ತಪ್ಪಿ ಕ್ಯಾಮೆರಾ ಕುಲುಕುತ್ತದೆ. ರಾತ್ರಿ ಮೊಬೈಲ್‌ನಲ್ಲಿ ಫೋಟೊ ತೆಗೆಯುವವರು ಫ್ಲ್ಯಾಶ್ ಆರಿಸಿದರೆ ದೊಡ್ಡ ಉಪಕಾರ.

ತಂಡದವರ ಸಿಟ್ಟಿಗೂ ಕಾರಣವಿಲ್ಲದಿಲ್ಲ. ಒಂದು ಟೇಕ್ ಕೆಟ್ಟರೆ ನಟರೊಬ್ಬರೇ ಹಿಂದಕ್ಕೆ ಹೋದರೆ ಸಾಲದು, ಜೂನಿಯರ್ ಕಲಾವಿದರೆಲ್ಲ ಮೊದಲಿದ್ದ ಜಾಗಕ್ಕೆ ಮರಳಬೇಕು, ದೃಶ್ಯದಲ್ಲಿ ಓಡಿದ ವಾಹನಗಳು ರಿವರ್ಸ್ ಬರಬೇಕು. ಅಷ್ಟರಲ್ಲಿ ಬಿಸಿಲು ಗೋಡೆಯಿಂದ ಇಳಿದಿರುತ್ತದೆ, ಹಿಂದಿನ ಶಾಟ್‌ನ ಬೆಳಕಿಗೆ ಹೊಂದುವುದಿಲ್ಲ. ವೈಡ್ ಶಾಟ್‌ನಲ್ಲಿದ್ದ ಸ್ಕೂಟರನ್ನು ಮಾಲೀಕರು ತೆಗೆದುಕೊಂಡು ಹೋದರೆ ಕ್ಲೋಸಪ್‌ನಲ್ಲಿ ಆ ಜಾಗ ಖಾಲಿ. ಆದರೆ ಸ್ಕೂಟರು ಅವರದು! ಕಂಟಿನ್ಯೂಟಿ ಬೇಕೆಂದರೆ ತಂಡವೇ ತನ್ನ ವಾಹನ ತಂದು ನಿಲ್ಲಿಸಬೇಕು.

‘ಒಂದೇ ನಿಮಿಷ’ ಎಂದು ಹೇಳಿ ಕಾಲು ಗಂಟೆ ನಿಲ್ಲಿಸುವುದನ್ನು ಮೊದಲು ಬಿಡಬೇಕು. ಆಂಬುಲೆನ್ಸ್‌ಗೆ, ಆಸ್ಪತ್ರೆಗೆ ಹೊರಟವರಿಗೆ ಟೇಕ್ ನಡುವೆಯೂ ದಾರಿ ಬಿಡಲೇಬೇಕು. ಉಳಿದವರನ್ನು ಒಂದು ಟೇಕ್‌ಗಿಂತ ಹೆಚ್ಚು ತಡೆಯದೆ, ಕಟ್ ಹೇಳಿದ ಕೂಡಲೇ ಬಿಟ್ಟು, ಆಮೇಲೆ ಮಾನಿಟರ್ ಮುಂದೆ ಕೂತು ಪ್ಲೇಬ್ಯಾಕ್ ನೋಡಲಿ.

— ಚಿತ್ರೀಕರಣ ಕ್ಷೇತ್ರದ ಕೆಲವು ಕೆಲಸಗಾರರು