ಕಣ್ಣಿನ ಹುಣ್ಣು: ತಾಲ್ಲೂಕಿನಲ್ಲೇ ಪರೀಕ್ಷೆ ಸಿಗಲಿ

ಮಾನ್ಯರೇ,

ಗೋವಿನಜೋಳದ ರಾಶಿ ಮಾಡುವಾಗ ಕಣ್ಣಿಗೆ ದೂಳು ಬಿದ್ದರೆ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಸುಮ್ನೆ ಕಾಲುವೆ ನೀರಿನಲ್ಲಿ ತೊಳೆದು, ಔಷಧ ಅಂಗಡಿಯ ಡ್ರಾಪ್ಸ್ ಹಾಕಿಕೊಳ್ಳುವವರೇ ಜಾಸ್ತಿ. ಇದು ಅಪಾಯ. ಮಣ್ಣು, ನೀರಿನಲ್ಲಿರುವ ಅಕಾಂತಮೀಬಾ ಎಂಬ ಪರಾವಲಂಬಿ ಸಣ್ಣ ಗೀರಿನ ಮೂಲಕ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಸೇರಿ ಹುಣ್ಣು ಮಾಡಬಹುದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗಷ್ಟೇ ಬರುವ ಕಾಯಿಲೆ ಇದಲ್ಲ. ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಬೆಳಕು ಚುಚ್ಚುತ್ತದೆ. ಎಷ್ಟೋ ಸಲ ಹುಣ್ಣು ಚಿಕ್ಕದು, ನೋವು ಮಾತ್ರ ತಡೆಯಲಾಗದಷ್ಟು. ಆಮೇಲೆ ಉಂಗುರದಂಥ ಬಿಳಿ ಕಲೆ ಮೂಡಬಹುದು. ಹರ್ಪಿಸ್ ಎಂಬ ವೈರಸ್ ಸೋಂಕು ಎಂದು ತಪ್ಪು ತಿಳಿಯುವುದೂ ಉಂಟು. ಗೊತ್ತಿಲ್ಲದೆ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದರೆ ಮತ್ತಷ್ಟು ಕೆಡುತ್ತದೆ. ಹುಣ್ಣನ್ನು ಕೆರೆದು ತೆಗೆದ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ ಸಿಗಬೇಕು. ರಾಶಿ ಹಂಗಾಮಿಗೆ ಮೊದಲೇ ಆಶಾ ಕಾರ್ಯಕರ್ತೆಯರ ಮೂಲಕ ರೈತರಿಗೆ ಈ ಲಕ್ಷಣಗಳನ್ನು ತಿಳಿಸಬೇಕು.

– ಓದುಗ, ಬ್ಯಾಡಗಿ